‘ಯಾವ ಜೆಟ್ ಹಿಡೀಲಿ?’ ಎಂದು ಕೇಳುವವರಿಗೆಲ್ಲ

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು. ಹೊಸದಾಗಿ ಕೆಲಸಕ್ಕೆ ಸೇರುವ ಪೈಲಟ್‌ಗೆ ಕಂಪನಿಗಳೂ ಶ್ರೀಮಂತರೂ ಸ್ವಂತಕ್ಕೋ ಬಾಡಿಗೆಗೋ ಬಳಸುವ ಎರಡು ಬಿಸಿನೆಸ್ ಜೆಟ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಸಿಕ್ಕರೆ, ಹೆಚ್ಚು ಸಲ ಏರಿ ಹೆಚ್ಚು ಸಲ ಇಳಿಯುವುದನ್ನು ಆರಿಸಿಕೊಳ್ಳಬೇಕು. ಅದರ ಹೆಸರು ಏನೇ ಇರಲಿ.

ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ ಎಂಬುದು ನನಗೆ ಗೊತ್ತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದವರು ಹಾರಾಟ ತರಬೇತಿ ಶಾಲೆಗಳಿಗೆ ದೇಶದ ಐದು ಕಡೆ ಜಾಗ ಕೊಟ್ಟರು. ಅದರಲ್ಲಿ ನಮ್ಮ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಶಾಲೆಗಳು ಶುರುವಾದ ಮೇಲೆ ಗೋಕಾಕ, ಜಮಖಂಡಿ, ಇಂಡಿ ಕಡೆಯ ಮನೆಗಳಲ್ಲೂ ಪೈಲಟ್ ಆಗುವ ಮಾತು ಕೇಳಿಬರುತ್ತಿದೆ. ನನಗೆ ಇದಕ್ಕಿಂತ ಖುಷಿಯ ವಿಷಯ ಇಲ್ಲ. ನಾನು ಪೈಲಟ್ ಆಗಲು ಕಲಿಯುವಾಗ ಇಡೀ ಬಾಗಲಕೋಟೆ ಜಿಲ್ಲೆಯಲ್ಲಿ ಇಂಥದ್ದನ್ನು ಕೇಳಲು ಒಬ್ಬ ಮನುಷ್ಯ ಸಿಕ್ಕಿರಲಿಲ್ಲ. ಆ ನೆನಪಿಗಾಗಿಯೇ ಯಾರು ಫೋನ್ ಮಾಡಿದರೂ ಎತ್ತುತ್ತೇನೆ.

ಆದರೆ ಕೇಳುವ ಧಾಟಿ ನನಗೆ ಸಹಿಸುವುದಿಲ್ಲ. ‘ಟಾಪ್ ಮಾಡೆಲ್ ಯಾವುದ್ರಿ?’ ‘ಗಲ್ಫ್‌ಸ್ಟ್ರೀಮ್ ಸಿಕ್ಕರ ಲೈಫ್ ಸೆಟ್ ಅಲ್ರೀ?’ ‘ಅಂಬಾನಿಯವರ ಹತ್ರ ಇರೋದು ಯಾವುದು, ಅದನ್ನ ಹೇಳ್ರಿ.’ ಟ್ರ್ಯಾಕ್ಟರ್ ಕೊಳ್ಳುವಾಗ ಎಚ್‌ಪಿ ಎಷ್ಟು ಎಂದು ಕೇಳುವ ಹಾಗೆಯೇ ಇದು. ಟ್ರ್ಯಾಕ್ಟರ್ ವಿಷಯದಲ್ಲಾದರೂ ನಮ್ಮವರು ಮುಂದುವರಿದು ಹೊಲ ಎಷ್ಟು, ಮಣ್ಣು ಎಂಥದ್ದು ಎಂದು ವಿಚಾರ ಮಾಡುತ್ತಾರೆ. ಮಗನ ನೌಕರಿಯ ವಿಷಯಕ್ಕೆ ಬಂದರೆ ಫೋಟೊ ನೋಡಿ ನಿರ್ಧಾರ ಮಾಡಿಬಿಡುತ್ತಾರೆ.

ಮುಧೋಳದ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಒಬ್ಬ ಕಬ್ಬಿನ ರೈತರು, ಅವರಾಚೆ ಅವರ ಮಗ. ಎರಡು ಎಕರೆ ನೀರಾವರಿ ಹೊಲ ಮಾರಿ ಮಗನನ್ನು ಓದಿಸಿದ್ದಾರೆ. ಸಿಪಿಎಲ್, ಅಂದರೆ ಪಗಾರಕ್ಕೆ ವಿಮಾನ ಹಾರಿಸುವ ಲೈಸೆನ್ಸ್, ಕೈಗೆ ಬಂದಿದೆ, ಎರಡು ಕಡೆಯಿಂದ ಕರೆಯೂ ಬಂದಿದೆ. ಬಡಿಸುವವನು ಮಾದಲಿ ಹಾಕಿ ಮುಂದೆ ಹೋಗುವುದರೊಳಗೆ ಅವರು ನನ್ನ ಎಲೆಯ ಪಕ್ಕಕ್ಕೆ ಫೋನ್ ಇಟ್ಟರು. ಪರದೆಯ ಮೇಲೆ ಎರಡು ವಿಮಾನ, ಒಂದು ಫೆನಮ್ 100, ಇನ್ನೊಂದು ಗಲ್ಫ್‌ಸ್ಟ್ರೀಮ್ ಜಿ550.

‘ಇದು ಸಣ್ಣದು, ಇದು ದೊಡ್ಡದು. ದೊಡ್ಡದಕ್ಕ ಪಗಾರ ಹೆಚ್ಚೈತಿ. ಯಾವುದು ಹಿಡೀಲಿ, ಹೇಳಿಬಿಡ್ರಿ.’

ನಾನು ಬಾಯಿ ತೆರೆಯುವ ಮೊದಲೇ ಎದುರಿನ ಸಾಲಿನ ಹಿರಿಯರೊಬ್ಬರು ತೀರ್ಪು ಕೊಟ್ಟರು: ‘ದೊಡ್ಡದಾ ಹಿಡಿ. ಊರ ಮ್ಯಾಲಿಂದ ಹೋದ್ರ ಕಾಣಬೇಕಲ್ಲ!’ ಪಂಕ್ತಿಯಲ್ಲಿದ್ದ ಎಲ್ಲರೂ ಹೌದೌದು ಅಂದರು. ಹುಡುಗ ಮಾತ್ರ ತಲೆ ಎತ್ತಲಿಲ್ಲ. ನನಗೆ ಸಿಟ್ಟು ಬಂತು. ಅವನ ಅನ್ನದ ಪ್ರಶ್ನೆಗೆ ಊಟಕ್ಕೆ ಕೂತವರೆಲ್ಲ ಓಟು ಹಾಕುತ್ತಿದ್ದರು. ‘ಈ ದೊಡ್ಡದು ತಿಂಗಳಿಗೆ ಎಷ್ಟು ತಾಸು ಹಾರತೈತಿ?’ ಎಂದು ಕೇಳಿದೆ. ತಂದೆ ಮಗನನ್ನು ನೋಡಿದರು. ಮಗ, ‘ಕೇಳಿಲ್ಲ ಸರ್’ ಅಂದ.

ಅದನ್ನೇ ಮೊದಲು ಕೇಳಬೇಕಿತ್ತು. ಜಿ550 ದೊಡ್ಡ ವಿಮಾನವೇ, ಅದರಲ್ಲಿ ಎರಡು ಮಾತಿಲ್ಲ. ಏರುವಾಗಿನ ಗರಿಷ್ಠ ತೂಕ 41 ಟನ್ ಮೀರುತ್ತದೆ, ಒಂದೇ ಹಾರಾಟದಲ್ಲಿ 12,500 ಕಿ.ಮೀ. ಹೋಗುತ್ತದೆ, 51,000 ಅಡಿ ಎತ್ತರದವರೆಗೆ ಏರುತ್ತದೆ. ಫೆನಮ್ 100ರ ಗರಿಷ್ಠ ತೂಕ 4,750 ಕೆ.ಜಿ. ಹೋಗುವ ದೂರ 2,000 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಬೆಳಗಾವಿಯಿಂದ ದೆಹಲಿ ಸುಮಾರು 1,400 ಕಿ.ಮೀ. ಅನ್ನುವುದು ಗೊತ್ತಿದ್ದರೆ ಅದರ ಅಳವು ಎಷ್ಟೆಂದು ತಿಳಿಯುತ್ತದೆ. ಈಗ ಹೊಸ ಹುಡುಗನ ಕಡೆಯಿಂದ ನೋಡಿ. ಮುಂಬೈಯಿಂದ ಲಂಡನ್‌ಗೆ ದೊಡ್ಡ ಜೆಟ್‌ನಲ್ಲಿ ಹೋದರೆ ಲಾಗ್‌ಬುಕ್‌ನಲ್ಲಿ ಒಂಬತ್ತು ತಾಸಿಗೂ ಹೆಚ್ಚು ಬೀಳುತ್ತದೆ, ನಿಜ. ಆದರೆ ಅಷ್ಟೂ ಹೊತ್ತಿಗೆ ಟೇಕಾಫ್ ಒಂದು, ಲ್ಯಾಂಡಿಂಗ್ ಒಂದು. ಹಿಂದಿನ ಸೀಟಿನಲ್ಲಿ ಮಾಲೀಕರು ಕೂತಿದ್ದರೆ ಎರಡನ್ನೂ ಕ್ಯಾಪ್ಟನ್ನೇ ಮಾಡುತ್ತಾರೆ. ಅದೇ ಸಣ್ಣ ಜೆಟ್ ಬೆಳಿಗ್ಗೆ ಬೆಳಗಾವಿ ಬಿಟ್ಟು, ಮುಂಬೈಯಲ್ಲಿ ಇಳಿದು, ಅಹಮದಾಬಾದ್ ಮುಗಿಸಿ, ಸಂಜೆಗೆ ಇಂದೋರ್‌ನಲ್ಲಿರುತ್ತದೆ. ದಿನಕ್ಕೆ ಮೂರು ಸಲ ಬೇರೆ ಬೇರೆ ರನ್‌ವೇ, ಬೇರೆ ಬೇರೆ ಗಾಳಿ. ಖಾಲಿ ವಾಪಸ್ ಬರುವಾಗ ಕ್ಯಾಪ್ಟನ್ ‘ಈ ಸಲ ನೀನೇ ಇಳಿಸು’ ಅನ್ನುತ್ತಾರೆ. ಸಿಪಿಎಲ್ ಸಿಗುವುದು 200 ತಾಸಿಗೆ. ಅದರಲ್ಲಿ ಹೆಚ್ಚಿನ ತಾಸು, ಇಳಿಯುವಾಗ 65 ನಾಟ್ (ತಾಸಿಗೆ 120 ಕಿ.ಮೀ.) ಆಸುಪಾಸಿನಲ್ಲಿ ಬರುವ ಸೆಸ್ನಾ 172ರಂಥ ಸಣ್ಣ ವಿಮಾನದಲ್ಲಿ ಕಳೆದದ್ದು. ಅದಕ್ಕಿಂತ ಬಹಳ ಹೆಚ್ಚು ವೇಗದಲ್ಲಿ ನೆಲ ಹತ್ತಿರ ಬರುವಾಗ ಕೈ ಕಣ್ಣು ಎರಡೂ ಪಳಗಬೇಕಾದರೆ ಇಳಿಸಿ ಇಳಿಸಿಯೇ ಪಳಗಬೇಕು. ಒಂದು ವಿಮಾನದ ಮೇಲೆ ಕೈ ಚಾಲ್ತಿಯಲ್ಲಿದೆ ಎನ್ನಲು ಅಂತರರಾಷ್ಟ್ರೀಯ ನಿಯಮ ಕೇಳುವುದು 90 ದಿನಗಳಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್. ಹ್ಯಾಂಗರ್‌ನಲ್ಲೇ ಹೆಚ್ಚು ನಿಲ್ಲುವ ದೊಡ್ಡ ಜೆಟ್‌ಗಳಲ್ಲಿ ಆ ಮೂರಕ್ಕೂ ಪರದಾಡುವ ಕೋ-ಪೈಲಟ್‌ಗಳನ್ನು ನಾನು ಕಂಡಿದ್ದೇನೆ.

ಹಾಗಂತ ಸಣ್ಣದರಲ್ಲಿ ಎಲ್ಲವೂ ಚೆನ್ನ ಎಂದು ಹೇಳುವುದಿಲ್ಲ. ಫೆನಮ್ 100 ಒಬ್ಬನೇ ಪೈಲಟ್ ಹಾರಿಸಬಹುದಾದ ವಿಮಾನ, ತೂಕವೂ ಸಣ್ಣದು ದೊಡ್ಡದು ಎಂದು ನಿಯಮಗಳು ಬೇರೆ ಮಾಡುವ 5,700 ಕೆ.ಜಿ.ಯ ಗೆರೆಯ ಕೆಳಗೆ. ಮುಂದೆ ದೊಡ್ಡ ಕಡೆ ಹೋಗುವಾಗ ಅಲ್ಲಿಯ ತಾಸುಗಳಿಗೆ ಸ್ವಲ್ಪ ಕಡಿಮೆ ಬೆಲೆ ಕಟ್ಟುವವರಿದ್ದಾರೆ. ಅದಕ್ಕೇ, ಆರಿಸಿಕೊಳ್ಳುವ ಅವಕಾಶ ನಿಜವಾಗಿ ಇದ್ದರೆ ನಡುವಿನ ಗಾತ್ರದ್ದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎಂಟು ಟನ್ ಮೇಲಿನ ಫೆನಮ್ 300, ಸೈಟೇಷನ್ ಎಕ್ಸ್‌ಎಲ್‌ಎಸ್, ಹಳೆಯದಾದರೂ ಗಟ್ಟಿಯಾದ ಹಾಕರ್ 800. ಹಾಕರ್ ಬಗ್ಗೆ ನನಗೆ ವಿಶೇಷ ಪ್ರೀತಿ. 1962ರಲ್ಲಿ ಮೊದಲು ಹಾರಿದ ಡಿ ಹ್ಯಾವಿಲ್ಯಾಂಡ್ 125ರ ವಂಶ ಅದು. ಈಗ ತಯಾರಿಕೆ ನಿಂತಿದೆ. ಕಂಟ್ರೋಲ್ ಎಳೆದರೆ ರೆಕ್ಕೆಯ ಭಾರ ನೇರವಾಗಿ ಕೈಗೆ ಗೊತ್ತಾಗುತ್ತದೆ, ನಡುವೆ ಕಂಪ್ಯೂಟರ್ ಇಲ್ಲ. ಅದರಲ್ಲಿ ಕಲಿತವನು ಫಾಲ್ಕನ್ 7ಎಕ್ಸ್‌ನಂಥ ಫ್ಲೈ-ಬೈ-ವೈರ್ (ಕಂಪ್ಯೂಟರ್ ನಡುವೆ ಇರುವ) ವಿಮಾನಕ್ಕೆ ಹೋದರೂ ಕೈ ಮರೆಯುವುದಿಲ್ಲ.

ಆರಿಸಿಕೊಳ್ಳುವ ಅವಕಾಶ ಎಂದೆ. ಅಮೆರಿಕದ ನೆಟ್‌ಜೆಟ್ಸ್‌ನಂಥ ಕಂಪನಿಯಲ್ಲಿ ನೂರಾರು ವಿಮಾನಗಳಿವೆ, ಅಲ್ಲಿ ಆ ಮಾತಿಗೆ ಅರ್ಥವಿದೆ. ನಮ್ಮಲ್ಲಿ ಎರಡು ಮೂರು ವಿಮಾನ ಇಟ್ಟುಕೊಂಡ ಕಂಪನಿಗಳೇ ಹೆಚ್ಚು. ಯಾವ ಸೀಟು ಖಾಲಿಯೋ ಅದರಲ್ಲಿ ಕೂಡಿಸುತ್ತಾರೆ. ಒಮ್ಮೆ ಕೂತರೆ ಬಿಟ್ಟು ಏಳುವುದು ಸುಲಭ ಅಲ್ಲ. ಜೆಟ್ ಒಂದೊಂದಕ್ಕೂ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನು ಹಾರಿಸುವ ಪರವಾನಗಿ, ಬೇರೆ. ಸೈಟೇಷನ್‌ದು ಹಾಕರ್‌ಗೆ ನಡೆಯುವುದಿಲ್ಲ. ಸಿಮ್ಯುಲೇಟರ್‌ಗೆ ಬಹಳ ಸಲ ದುಬೈಗೋ ಅಮೆರಿಕಕ್ಕೋ ಹೋಗಬೇಕು, ಖರ್ಚೆಲ್ಲ ಡಾಲರ್‌ನಲ್ಲಿ. ಕಂಪನಿ ಆ ದುಡ್ಡು ಹಾಕಿದರೆ ಬಾಂಡ್ ಬರೆಸಿಕೊಳ್ಳುತ್ತದೆ. ಬಾಂಡ್ ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬುದನ್ನು ಸಹಿ ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಿ. ಹೊಲ ಮಾರುವಾಗ ಉತಾರ ತೋರಿಸಿದ್ದಿರಲ್ಲ, ಇದನ್ನೂ ತೋರಿಸಿ.

ವಿಮಾನದ ಮಾತು ಇಲ್ಲಿಗೆ ಸಾಕು. ಎಡಗಡೆ ಸೀಟಿನಲ್ಲಿ, ಅಂದರೆ ಕ್ಯಾಪ್ಟನ್ ಸೀಟಿನಲ್ಲಿ, ಯಾರು ಕೂರುತ್ತಾರೆ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ, ಅದನ್ನು ಯಾರೂ ನನಗೆ ಕೇಳಿಲ್ಲ. 2014ರ ಮೇ 31ರ ರಾತ್ರಿ ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಒಂದು ಗಲ್ಫ್‌ಸ್ಟ್ರೀಮ್ IV ರನ್‌ವೇ ದಾಟಿ ಹೋಗಿ ಹೊತ್ತಿ ಉರಿಯಿತು. ಒಳಗಿದ್ದ ಏಳೂ ಜನ ಸತ್ತರು. ವಿಮಾನ ಕೆಟ್ಟಿರಲಿಲ್ಲ. ನಿಂತಾಗ ಗಾಳಿಗೆ ರೆಕ್ಕೆ ಬಾಲದ ಪಟ್ಟಿಗಳು ಬಡಿದುಕೊಳ್ಳದಿರಲಿ ಎಂದು ಹಾಕುವ ಗಸ್ಟ್ ಲಾಕ್ ಅನ್ನು ತೆಗೆದೇ ಇರಲಿಲ್ಲ. ಏರುವ ಮೊದಲು ಕಂಟ್ರೋಲ್ ಅನ್ನು ಒಮ್ಮೆ ಆಚೆ ಈಚೆ ತಿರುಗಿಸಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ತನಿಖೆಯವರು ರೆಕಾರ್ಡರ್ ತೆಗೆದು ಹಿಂದಿನ 175 ಟೇಕಾಫ್ ನೋಡಿದರು. ಶೇ. 98ರಲ್ಲಿ ಆ ಪರೀಕ್ಷೆಯನ್ನು ಪೂರ್ತಿ ಮಾಡಿರಲಿಲ್ಲ. ಪೈಲಟ್‌ಗಳಿಬ್ಬರೂ ಅನುಭವಿಗಳು, ವರ್ಷಗಟ್ಟಲೆ ಜೋಡಿಯಾಗಿ ಹಾರಿದವರು. ಅಂಥ ಇಬ್ಬರ ನಡುವೆ ಹೊಸ ಹುಡುಗ ಸೇರಿದ್ದರೆ ಅವನೂ ಅದನ್ನೇ ಕಲಿಯುತ್ತಿದ್ದ ಎಂದು ಆ ವರದಿಯ ನೆನಪಾದಾಗಲೆಲ್ಲ ನನಗೆ ಅನಿಸುತ್ತದೆ.

ನನಗೆ ಸಿಕ್ಕ ಮೊದಲ ಕ್ಯಾಪ್ಟನ್ ಬೇರೆ ಥರದವರು. ವೇಗ ಅಳೆಯುವ ಪಿಟೋ ಕೊಳವೆಗಳ ಮುಸುಕು, ಎಂಜಿನ್‌ನ ಮುಸುಕು, ಚಕ್ರದ ಪಿನ್, ಹೀಗೆ ಕೆಂಪು ಪಟ್ಟಿ ನೇತಾಡುವ ಒಂದೊಂದನ್ನೂ ನಾನು ತೆಗೆದು ತಂದು ಅವರೆದುರು ಎಣಿಸಿ ಚೀಲಕ್ಕೆ ಹಾಕಬೇಕಿತ್ತು. ಸಾಮಾನು ತುಂಬುವುದು, ಐಸ್ ಡಬ್ಬಿ ತುಂಬುವುದು, ಸೀಟಿನ ಬೆಲ್ಟ್‌ಗಳನ್ನು ಅಡ್ಡಡ್ಡ ಮಡಚಿಡುವುದು, ಎಲ್ಲವೂ ನನ್ನ ಕೆಲಸ. ಬಿಸಿನೆಸ್ ಜೆಟ್‌ನ ಕೋ-ಪೈಲಟ್ ಇದನ್ನೆಲ್ಲ ಮಾಡಬೇಕು, ನಾಚಿಕೆ ಪಡುವವರು ಬರಬೇಡಿ. ವಿಐಪಿ ಕಾರು ವಿಮಾನದ ಬುಡಕ್ಕೆ ಬಂದು ನಿಂತಿದ್ದರೂ ಆ ಎಣಿಕೆ ಮಾತ್ರ ತಪ್ಪುತ್ತಿರಲಿಲ್ಲ.

ನನ್ನನ್ನು ಕೇಳಲೇಬೇಕಾದರೆ ಇದನ್ನು ಕೇಳಿ: ಪೈಲಟ್ ‘ಆಗುವುದಿಲ್ಲ’ ಎಂದರೆ ಆ ಕಂಪನಿಯಲ್ಲಿ ಏನಾಗುತ್ತದೆ?

ಜುಲೈ ತಿಂಗಳ ಒಂದು ಸಂಜೆ ಅದೇ ಕ್ಯಾಪ್ಟನ್ ಜೊತೆ ಮುಂಬೈಯಿಂದ ಬೆಳಗಾವಿಗೆ ಬರುತ್ತಿದ್ದೆ. ದೂರ 400 ಕಿ.ಮೀ. ಅಷ್ಟೆ. ಹಿಂದೆ ಕೂತವರಿಗೆ ಊರಲ್ಲಿ ನಿಶ್ಚಿತಾರ್ಥ. ಬೆಳಗಾವಿಯ ಜುಲೈ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಮೋಡ ಗಿಡದ ತುದಿಗೆ ಬಂದು ಕೂತಿರುತ್ತದೆ. ಇಳಿಯುತ್ತ ಇಳಿಯುತ್ತ ನಾನು ಎತ್ತರ ಓದುತ್ತಿದ್ದೆ. ‘ಮಿನಿಮಮ್ಸ್’ ಎಂದೆ. ರನ್‌ವೇ ಕಾಣದಿದ್ದರೆ ಇದರ ಕೆಳಗೆ ಇಳಿಯಬಾರದು ಎಂಬ ಎತ್ತರ ಅದು. ಎದುರಿನ ಗಾಜಿನ ತುಂಬ ಬಿಳಿ ಬಿಟ್ಟರೆ ಏನಿಲ್ಲ. ಕ್ಯಾಪ್ಟನ್ ಅರೆಕ್ಷಣವೂ ತಡೆಯದೆ ‘ಗೋ ಅರೌಂಡ್’ ಅಂದರು. ಎಂಜಿನ್ ಗರ್ಜಿಸಿತು, ಮೂತಿ ಮೇಲೆದ್ದಿತು. ಚಕ್ರ ಒಳಗೆ ಹೋಗಿ ಕೂತ ಸದ್ದಿನ ಹಿಂದೆಯೇ ಪರದೆ ಸರಿಸಿಕೊಂಡು ಪ್ರಯಾಣಿಕರೊಬ್ಬರು ತಲೆ ತೂರಿಸಿದರು.

‘ಕೆಳಗ ಲೈಟ್ ಕಾಣಸ್ತಿದ್ವಲ್ರೀ! ನಾನಾ ಕಣ್ಣಾರೆ ನೋಡೇನಿ!’

‘ನೀವು ಕಿಟಕಿಯಿಂದ ಕೆಳಗೆ ನೋಡಿದಿರಿ ಸರ್. ನನಗೆ ಮುಂದೆ ಕಾಣಬೇಕು. ದಯವಿಟ್ಟು ಕೂತು ಬೆಲ್ಟ್ ಹಾಕಿಕೊಳ್ಳಿ, ಹುಬ್ಬಳ್ಳಿಗೆ ಹೋಗ್ತಿದ್ದೀವಿ’ ಎಂದರು ಕ್ಯಾಪ್ಟನ್.

ಹುಬ್ಬಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಕಾರು ತಯಾರಿತ್ತು. ಅವರು ಸಿಟ್ಟಿನಲ್ಲೇ ಹೋದರು, ಎರಡು ತಾಸು ತಡವಾಗಿ ಊರು ಮುಟ್ಟಿದರು. ಮರುದಿನ ಕಂಪನಿಯಿಂದ ಕ್ಯಾಪ್ಟನ್‌ಗೆ ಫೋನ್ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ‘ವಿಮಾನ ಯಾವಾಗ ವಾಪಸ್ ತರ್ತೀರಿ?’ ಎಂದು ಕೇಳಿದರು, ಬೇರೇನೂ ಕೇಳಲಿಲ್ಲ. ಪಗಾರದ ಚೀಟಿಗಿಂತ ಆ ಫೋನ್ ಕರೆ ನನಗೆ ದೊಡ್ಡದಾಗಿ ಕಂಡಿತು.

ಎಲ್ಲ ಕಡೆ ಹಾಗಿರುವುದಿಲ್ಲ. 2001ರ ಮಾರ್ಚ್ 29ರಂದು ಅಮೆರಿಕದ ಆಸ್ಪೆನ್‌ನಲ್ಲಿ ಒಂದು ಗಲ್ಫ್‌ಸ್ಟ್ರೀಮ್ III ಬೆಟ್ಟದ ಇಳಿಜಾರಿಗೆ ಬಡಿದು 18 ಜನ ಸತ್ತರು. ಕತ್ತಲಾಗುತ್ತಿತ್ತು, ಹಿಮ ಬೀಳುತ್ತಿತ್ತು, ರಾತ್ರಿ ಇಳಿಯಲು ಅಲ್ಲಿ ಅನುಮತಿ ಇರಲಿಲ್ಲ, ವಿಮಾನ ಹೊರಟಿದ್ದೇ ತಡವಾಗಿ. ರನ್‌ವೇ ಕಾಣದೆಯೇ ಪೈಲಟ್‌ಗಳು ಕನಿಷ್ಠ ಎತ್ತರದ ಕೆಳಗೆ ಇಳಿದದ್ದು ಮುಖ್ಯ ಕಾರಣ ಎಂದ ತನಿಖಾ ವರದಿ, ಇಳಿಯಲೇಬೇಕು ಎಂಬ ಬಾಡಿಗೆದಾರನ ಒತ್ತಡ ಕ್ಯಾಪ್ಟನ್ ಮೇಲಿತ್ತು ಎಂಬುದನ್ನೂ ಕಾರಣಗಳ ಪಟ್ಟಿಯಲ್ಲಿ ಬರೆಯಿತು. ಏರ್‌ಲೈನ್‌ನಲ್ಲಿ ಪ್ರಯಾಣಿಕನಿಗೂ ಪೈಲಟ್‌ಗೂ ನಡುವೆ ಒಂದು ಗಟ್ಟಿ ಬಾಗಿಲು ಇದೆ, ದೊಡ್ಡ ಸಂಸ್ಥೆ ಇದೆ. ನಮ್ಮಲ್ಲಿ ಹಲವು ಸಲ ಒಂದು ಪರದೆ ಮಾತ್ರ. ಪರದೆಯ ಆಚೆ ಕೂತವರೇ ಸಂಬಳ ಕೊಡುವವರೂ ಆಗಿರಬಹುದು. ಇಪ್ಪತ್ತೆರಡರ ಹುಡುಗನನ್ನು ಅಲ್ಲಿ ಕೂಡಿಸುವ ಮೊದಲು ತಂದೆ ತಾಯಿ ವಿಚಾರಿಸಬೇಕಾದದ್ದು ಇದನ್ನು.

ಮದುವೆ ಮನೆಯಲ್ಲಿ ಆ ಹುಡುಗನನ್ನು ಕೈ ತೊಳೆಯುವ ಜಾಗದ ಹತ್ತಿರ ಬದಿಗೆ ಕರೆದು ಇಷ್ಟನ್ನೂ ಹೇಳಿದೆ. ಎರಡೂ ಕಡೆ ಫೋನ್ ಮಾಡಿ ಮೂರು ಮಾತು ಕೇಳು ಅಂದೆ. ತಿಂಗಳಿಗೆ ಎಷ್ಟು ಲ್ಯಾಂಡಿಂಗ್, ಅದರಲ್ಲಿ ಕೋ-ಪೈಲಟ್‌ಗೆ ಎಷ್ಟು ಕೊಡುತ್ತೀರಿ? ನಾನು ಯಾರ ಜೊತೆ ಹಾರಬೇಕು, ಸೇರುವ ಮೊದಲು ಅವರನ್ನು ಒಮ್ಮೆ ಭೇಟಿ ಮಾಡಬಹುದೇ? ಹವಾಮಾನ ಕೆಟ್ಟು ಕೊನೆಯ ಸಲ ಪ್ರಯಾಣ ಬಿಟ್ಟಿದ್ದು ಯಾವಾಗ, ಆಮೇಲೆ ಏನಾಯಿತು?

ಒಂದು ಕಡೆಯವರು, ‘ಅದೆಲ್ಲ ಬಂದ ಮೇಲೆ ನೋಡೋಣ, ಮೊದಲು ಬಾಂಡ್‌ಗೆ ಸಹಿ ಹಾಕು’ ಅಂದರಂತೆ. ಇನ್ನೊಂದು ಕಡೆ ಕ್ಯಾಪ್ಟನ್ ತಾವೇ ಫೋನ್ ತೆಗೆದುಕೊಂಡು ಹಿಂದಿನ ವಾರವೇ ಮಂಜಿಗೆ ಪ್ರಯಾಣ ಬಿಟ್ಟಿದ್ದನ್ನು ವಿವರವಾಗಿ ಹೇಳಿ, ಹ್ಯಾಂಗರ್‌ಗೆ ಬಂದು ಒಂದು ದಿನ ಕೂತು ನೋಡು ಎಂದು ಕರೆದರು. ಅವನು ಅಲ್ಲಿಗೆ ಸೇರಿದ. ಅದು ಸಣ್ಣ ವಿಮಾನದ ಕಂಪನಿಯಾಗಿತ್ತು. ಗಲ್ಫ್‌ಸ್ಟ್ರೀಮ್‌ನವರು ಹಾಗೆ ಉತ್ತರ ಕೊಟ್ಟಿದ್ದರೆ, ತಿಂಗಳಿಗೆ ನಾಲ್ಕೇ ಲ್ಯಾಂಡಿಂಗ್ ಇದ್ದರೂ ಅಲ್ಲಿಗೇ ಹೋಗು ಎಂದು ಹೇಳುತ್ತಿದ್ದೆ.