ಹೀರೋ ಏನು ಕೆಲಸ ಮಾಡ್ತಾನೆ?

ಸಿನಿಮಾ ಬಗ್ಗೆ ಬರೆಯುವವನು ಅಂತ ಗೊತ್ತಾದರೆ ಸಾಕು, ಬಳ್ಳಾರಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸರ್, ಸಿನಿಮಾ ಆಯಾ ಕಾಲದ ಕನ್ನಡಿ ಅಂತಾರಲ್ಲ, ಹೌದಾ?"

ನನಗೆ ಹಾಗೆ ಅನಿಸುವುದಿಲ್ಲ. ಊರಲ್ಲಿ ಏನು ನಡೆಯುತ್ತಿದೆ ಅನ್ನುವುದಕ್ಕಿಂತ ಜನಕ್ಕೆ ಏನು ಸಿಗುತ್ತಿಲ್ಲ ಅನ್ನುವುದೇ ಪರದೆ ಮೇಲೆ ಜಾಸ್ತಿ ಕಾಣುತ್ತದೆ. ಹೀರೋ ಏನು ಕೆಲಸ ಮಾಡುತ್ತಾನೆ ನೋಡಿ, ಗೊತ್ತಾಗುತ್ತದೆ.

1972ರ 'ಬಂಗಾರದ ಮನುಷ್ಯ'ದ ರಾಜೀವ ಬೇಸಾಯಗಾರ. ಬರ, ಕಾಳಿನ ಕೊರತೆ ಕಂಡ ಅರವತ್ತರ ದಶಕ ಆಗಷ್ಟೇ ಮುಗಿದಿತ್ತು. ತುಂಗಭದ್ರಾ ಕಾಲುವೆ ನೀರಿನಿಂದ ಸಿರುಗುಪ್ಪ, ಗಂಗಾವತಿ ಕಡೆ ಭತ್ತ ಬೆಳೆಯುತ್ತಿದ್ದರೂ ಓದಿದ ಹುಡುಗರ ಕಣ್ಣು ಪಟ್ಟಣದ ನೌಕರಿ ಮೇಲೆ. ಅಂಥ ಹೊತ್ತಲ್ಲಿ ರಾಜ್‌ಕುಮಾರ್ ಬಂಡೆ ತುಂಬಿದ ನೆಲಕ್ಕಿಳಿದರು.

1981ರ 'ಅಂತ'ದಲ್ಲಿ ಅಂಬರೀಷ್ ಪೊಲೀಸ್ ಅಧಿಕಾರಿ. ಕೊನೆಗೆ ಕಾನೂನನ್ನು ತನ್ನ ಕೈಗೇ ತೆಗೆದುಕೊಳ್ಳುತ್ತಾನೆ. ಅದೇ ದಶಕದ 'ತಬರನ ಕಥೆ'ಯಲ್ಲಿ ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಎರಡೂ ಒಂದೇ ಸಿಟ್ಟಿನ ಸಿನಿಮಾ. ಜನ ಶಿಳ್ಳೆ ಹೊಡೆದದ್ದು ಮಾತ್ರ ಮೊದಲನೆಯದಕ್ಕೆ.

1995ರ 'ಓಂ' ನನ್ನ ಮಾತಿಗೆ ಸರಿಹೊಂದಲ್ಲ, ಒಪ್ಪುತ್ತೇನೆ. ಅದು ರೌಡಿಗಳ ಲೋಕದ ಕನ್ನಡಿಯೇ; ಅದರಲ್ಲಿ ನಿಜವಾದ ರೌಡಿಗಳೇ ನಟಿಸಿದ್ದರು.

ಆದರೆ 2006ರ ಕೊನೆಗೆ ಬಂದ 'ಮುಂಗಾರು ಮಳೆ' ನೋಡಿ. ಹೀರೋಗೆ ಕೆಲಸವೇ ಇಲ್ಲ! ಆಗ ನಮ್ಮಲ್ಲಿ ಗಣಿಗಾರಿಕೆ ಜೋರು. ಚೀನಾಕ್ಕೆ ಅದಿರು ಬೇಕಿತ್ತು. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಲಾರಿ ಹಿಂದೆ ಲಾರಿ, ಮರದ ಎಲೆಗೂ ಕೆಂಪು ಬಣ್ಣ. ಹೊಲ ಅಗೆಸಿ ರಾತ್ರೋರಾತ್ರಿ ಕಾರು ಕೊಂಡವರಿದ್ದರು, ಧೂಳಿಗೆ ಬೆಳೆ ಕಳೆದುಕೊಂಡವರೂ ಇದ್ದರು. ಆ ವರ್ಷಗಳ ಅತಿ ದೊಡ್ಡ ಕನ್ನಡ ಸಿನಿಮಾದಲ್ಲಿ ಇದರ ಸುಳಿವೂ ಇಲ್ಲ. ಹೊರಗೆ ಧೂಳು, ಥಿಯೇಟರ್ ಒಳಗೆ ಸಕಲೇಶಪುರದ ಕಡೆಯ ಮಳೆ. ನಮ್ಮವರಿಗೆ ಆಗ ಬೇಕಿದ್ದದ್ದೂ ಅದೇ ಅಲ್ವಾ?

2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಏಳು ವರ್ಷ ಬಿಟ್ಟು 'ಕೆಜಿಎಫ್' ಬಂತು. ಅದು ಕೋಲಾರದ ಚಿನ್ನದ ಕಥೆ, ನಮ್ಮ ಕಬ್ಬಿಣದ್ದಲ್ಲ. ಆದರೂ ಗಣಿಧಣಿಗಳನ್ನು ಕಣ್ಣಾರೆ ಕಂಡ ಊರಿನವರು ನಾವು. ಗಣಿಯನ್ನು ಮುಚ್ಚಿಸುವ ಹೀರೋಗಿಂತ ಅದನ್ನು ವಶಪಡಿಸಿಕೊಳ್ಳುವ ಹೀರೋನೇ ನಮಗೆ ಹಿಡಿಸಿದ. ಇದು ನನಗೆ ಅಷ್ಟು ಖುಷಿ ಕೊಡುವ ಸಂಗತಿಯಲ್ಲ.

ಇಷ್ಟು ಹೇಳಿದ ಮೇಲೆ ಮೊನ್ನೆ ಒಬ್ಬ ಹುಡುಗಿ ಕೇಳಿದಳು: "ಹೀರೋಯಿನ್ ಏನು ಕೆಲಸ ಮಾಡ್ತಾಳೆ ಸರ್?" ತಡಬಡಾಯಿಸಿದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ, ಸಿರುಗುಪ್ಪದಲ್ಲಿ ಭತ್ತದ ಸಸಿ ಹಚ್ಚುವ ಹೆಣ್ಣುಮಕ್ಕಳಿಗೆ ಏನು ಸಿಗುತ್ತಿಲ್ಲ ಅಂತ ಕೇಳಿಕೊಂಡು ಮಾಡಿದ ಒಂದು ಹಿಟ್ ಸಿನಿಮಾ ನನಗಂತೂ ನೆನಪಾಗುತ್ತಿಲ್ಲ. ನಾನು 'ಜನ' ಅಂದಾಗಲೆಲ್ಲ ಹೇಳಿದ್ದು ಶಿಳ್ಳೆ ಹೊಡೆಯುವ ಗಂಡಸರ ಬಗ್ಗೆಯೇ ಅಂತ ಅವಳಿಗೆ ನನಗಿಂತ ಮುಂಚೆ ಗೊತ್ತಾಗಿತ್ತು.