ಗುಡಿಸುವ ರೋಬೋ: ನಾಲ್ಕನೇ ವರ್ಷದ ರಿಪೇರಿ ಲಾಗ್

ಜನವರಿ 2026

ಈ ಸಲದ ದೊಡ್ಡ ಕೆಲಸ ಬ್ಯಾಟರಿಯದು. ಮೊದಲೆಲ್ಲ ಒಂದೇ ಚಾರ್ಜಿನಲ್ಲಿ ಇಡೀ ಮನೆ ಗುಡಿಸಿ ಮುಗಿಸುತ್ತಿತ್ತು. ದೀಪಾವಳಿ ಕಳೆದ ಮೇಲೆ ಹಾಲ್, ಅಡುಗೆಮನೆ ಆಗುವಷ್ಟರಲ್ಲೇ ಚಾರ್ಜ್ ಆಗುವ ಡಾಕ್‌ಗೆ ಓಡತೊಡಗಿತು. ಆಮೇಲೆ ಇನ್ನೂ ವಿಚಿತ್ರ. ಆ್ಯಪ್‌ನಲ್ಲಿ 30% ಅಂತ ತೋರಿಸುತ್ತಿರುವಾಗಲೇ ಮಂಚದ ಕೆಳಗೆ ಸದ್ದಿಲ್ಲದೆ ನಿಂತುಬಿಡುತ್ತಿತ್ತು. ಕೋಲು ಹಾಕಿ ಹೊರಗೆ ಎಳೆಯಬೇಕು. ಹೊಸದು ತಗೊಳ್ಳೋಣ ಅಂತ ಮನೆಯಲ್ಲಿ ಮಾತು ಶುರುವಾಯಿತು. ಮೋಟಾರು, ಚಕ್ರ, ಲೇಸರ್ ಎಲ್ಲ ಚೆನ್ನಾಗಿರುವಾಗ ಬಿಸಾಡಲು ನನಗೆ ಮನಸ್ಸಿಲ್ಲ.

ಅಡಿಭಾಗದ ಸ್ಕ್ರೂ ಬಿಚ್ಚಿ ಬ್ಯಾಟರಿ ಪ್ಯಾಕ್ ತೆಗೆದೆ. 14.4 ವೋಲ್ಟ್, 5200 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ). ಒಳಗೆ 18650 ಅನ್ನುವ ಸೈಜಿನ 8 ಲಿಥಿಯಂ ಸೆಲ್‌ಗಳಿವೆ. ಎರಡೆರಡು ಸೆಲ್ ಜೋಡಿ ಮಾಡಿ, ಅಂಥ ನಾಲ್ಕು ಜೋಡಿಗಳನ್ನು ಒಂದರ ಹಿಂದೆ ಒಂದು ಸೇರಿಸಿದ್ದಾರೆ. ಪೂರ್ತಿ ಚಾರ್ಜ್ ಆದಾಗ ಒಂದೊಂದು ಜೋಡಿ 4.2 ವೋಲ್ಟ್, ಒಟ್ಟು 16.8 ತೋರಿಸಬೇಕು. ಮಲ್ಟಿಮೀಟರ್ ಹಿಡಿದರೆ ಮೂರು ಜೋಡಿ ಸರಿ ಇವೆ, ನಾಲ್ಕನೆಯದು ಬಹಳ ಕೆಳಗೆ. ಒಂದು ಜೋಡಿ ಸೋತರೂ ಸಾಕು, ಪ್ಯಾಕ್‌ನ ರಕ್ಷಣಾ ಬೋರ್ಡ್ ಕರೆಂಟ್ ಕಡಿದುಬಿಡುತ್ತದೆ. 30% ಇರುವಾಗಲೇ ನಿಲ್ಲುತ್ತಿದ್ದುದು ಅದಕ್ಕೇ.

ಆ ಒಂದು ಜೋಡಿ ಮಾತ್ರ ಬದಲಿಸಬಹುದಲ್ವಾ? ಮಾಡುವವರಿದ್ದಾರೆ. ಆದರೆ ಹಳೆ ಸೆಲ್‌ಗಳ ನಡುವೆ ಹೊಸದು ಕೂತರೆ ಸಮ ಬರುವುದಿಲ್ಲ, ಸ್ವಲ್ಪ ದಿನಕ್ಕೆ ಪಕ್ಕದ ಜೋಡಿ ಕೈಕೊಡುತ್ತದೆ. ಸೆಲ್‌ಗೆ ಮನೆಯಲ್ಲಿ ಸಾಲ್ಡರಿಂಗ್ ಮಾಡುವುದಂತೂ ಬೇಡವೇ ಬೇಡ, ಬಿಸಿಗೆ ಕೆಡುತ್ತದೆ. ಅದಕ್ಕೆ ಕ್ಷಣದಲ್ಲಿ ಬೆಸೆಯುವ ಸ್ಪಾಟ್ ವೆಲ್ಡಿಂಗ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ವಿಚಾರಿಸಿದೆ. ಎಂಟೂ ಸೆಲ್ ಹೊಸದು ಹಾಕಿ ಕಟ್ಟಿಕೊಡುತ್ತೇವೆ ಅಂದರು. ಕೊನೆಗೆ ರೆಡಿ ಪ್ಯಾಕನ್ನೇ ತಂದೆ. ಹೊಸ ರೋಬೋದ ಬೆಲೆಯ ಮುಂದೆ ಅದು ಏನೂ ಅಲ್ಲ.

ರೆಡಿ ಪ್ಯಾಕ್ ಕೊಳ್ಳುವವರಿಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. ಇದೇ ಅಳತೆಯ ಪ್ಯಾಕ್ ಮೇಲೆ 9800 ಎಂಎಎಚ್ ಅಂತ ಅಚ್ಚು ಹಾಕಿ ಮಾರುತ್ತಾರೆ. ಒಳ್ಳೆಯ 18650 ಸೆಲ್ಲೇ ಸುಮಾರು 3500 ಎಂಎಎಚ್ ಹಿಡಿಯುವುದು. ಎರಡು ಸೆಲ್ ಜೋಡಿಸಿದರೆ 7000. ಜೋಡಿಗಳನ್ನು ಒಂದರ ಹಿಂದೆ ಒಂದು ಸೇರಿಸಿದರೆ ವೋಲ್ಟ್ ಏರುತ್ತದೆ, ಎಂಎಎಚ್ ಅಲ್ಲ. ಅದಕ್ಕಿಂತ ತೀರಾ ಜಾಸ್ತಿ ಬರೆದಿದ್ದರೆ ಅದು ಸುಳ್ಳು. ತೂಕವನ್ನೂ ನೋಡಿ. ಒಂದು ಸೆಲ್ 45 ಗ್ರಾಂ ಆಸುಪಾಸು ಇರುತ್ತದೆ. ಎಂಟು ಸೆಲ್‌ನ ಪ್ಯಾಕ್ ಅಡುಗೆಮನೆ ತಕ್ಕಡಿಯಲ್ಲಿ 300 ಗ್ರಾಂ ಕೂಡ ತೂಗದಿದ್ದರೆ ಸುಮ್ನೆ ವಾಪಸ್ ಕಳಿಸಿ.

ಹೊಸ ಪ್ಯಾಕ್ ಹಾಕಿದ ಮೇಲೆ ಇಡೀ ಮನೆ ಮುಗಿಸಿ ಇನ್ನೂ ಚಾರ್ಜ್ ಉಳಿಸಿಕೊಂಡು ಬರುತ್ತಿದೆ. ಸತ್ತ ಪ್ಯಾಕನ್ನು ಕಸದ ಬುಟ್ಟಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಕಸದ ಲಾರಿಯಲ್ಲಿ ಒತ್ತಿದರೆ ಬೆಂಕಿ ಹೊತ್ತಿಕೊಳ್ಳುವ ವಸ್ತು ಅದು.

ಫೆಬ್ರವರಿ

ಮೂಲೆ ಗುಡಿಸುವ ಸೈಡ್ ಬ್ರಷ್ ತಿರುಗುವುದು ನಿಂತಿತು. ಕಾರಣ ಮಾಮೂಲಿ, ಕೂದಲು. ಉದ್ದ ಕೂದಲಿನವರು ಇರುವ ಮನೆಯಲ್ಲಿ ರೋಬೋಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಬ್ರಷ್‌ಗೆ ಸುತ್ತಿದ್ದು ಕಣ್ಣಿಗೆ ಕಾಣುತ್ತದೆ, ಕತ್ತರಿ ಹಾಕುತ್ತೇವೆ. ಕಾಣದ ಜಾಗಗಳೇ ತೊಂದರೆ. ದೊಡ್ಡ ಬ್ರಷ್‌ನ ಎರಡು ತುದಿಯ ಬೇರಿಂಗ್ ಒಂದು, ಮುಂದಿನ ಪುಟ್ಟ ಚಕ್ರದ ಕಡ್ಡಿ ಇನ್ನೊಂದು. ಆ ಚಕ್ರವನ್ನು ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಟಪ್ ಅಂತ ಕೈಗೆ ಬರುತ್ತದೆ. ಅದು ಬಿಗಿಯಾದರೆ ಉರುಳದೆ ನೆಲದ ಮೇಲೆ ಎಳೆದಾಡುತ್ತದೆ, ಗೀರು ಬೀಳುತ್ತದೆ. ಭಾನುವಾರ ಕಾಫಿ ಕುಡಿಯುತ್ತಾ ಇವನ್ನು ಬಿಚ್ಚಿ ಒರೆಸುತ್ತೇನೆ. ಸೈಡ್ ಬ್ರಷ್‌ನ ಗೇರಿಗೇ ಕೂದಲು ಹೊಕ್ಕಿದ್ದರಿಂದ ಆ ಭಾಗವನ್ನು ಪೂರ್ತಿ ಬದಲಿಸಬೇಕಾಯಿತು. ನಾಲ್ಕು ಸ್ಕ್ರೂ, ಒಂದು ಕನೆಕ್ಟರ್, ಅಷ್ಟೇ.

ರಂಗೋಲಿ ಪುಡಿ ವಿಷಯ. ದೇವರ ಮನೆಯ ಮುಂದೆ ಹೋಗದಂತೆ ಆ್ಯಪ್‌ನ ಮ್ಯಾಪಿನಲ್ಲಿ ಗೆರೆ ಎಳೆದಿದ್ದೇನೆ. ರಂಗೋಲಿ ಅಳಿಯುತ್ತದೆ ಅಂತ ಅಮ್ಮನ ತಕರಾರು, ಫಿಲ್ಟರ್ ಕಟ್ಟಿಕೊಳ್ಳುತ್ತದೆ ಅಂತ ನನ್ನದು. ಗೆರೆ ಒಂದೇ, ಇಬ್ಬರಿಗೂ ನೆಮ್ಮದಿ. ಅಷ್ಟು ನುಣ್ಣನೆಯ ಕಲ್ಲಿನ ಪುಡಿ ಫಿಲ್ಟರ್‌ನ ಮಡಿಕೆಗಳಲ್ಲಿ ಕೂತರೆ ಹೀರುವ ಶಕ್ತಿ ತುಂಬಾ ಇಳಿಯುತ್ತದೆ. ನನ್ನದು ತೊಳೆಯಬಹುದಾದ ಫಿಲ್ಟರ್. ಆದರೆ ಪೂರ್ತಿ ಒಣಗದೆ ಹಾಕಿದರೆ ವಾಸನೆ, ಮೋಟಾರಿಗೆ ತೇವ. ಮಳೆಗಾಲದಲ್ಲಿ ಒಂದು ದಿನಕ್ಕೆ ಒಣಗುವುದೂ ಇಲ್ಲ. ಎರಡು ಇಟ್ಟುಕೊಂಡು ಅದಲು ಬದಲು ಮಾಡುವುದು ವಾಸಿ.

ಒರೆಸುವ ನೀರಿನ ಟ್ಯಾಂಕ್‌ಗೆ ಬೋರ್‌ವೆಲ್ ನೀರು ಹಾಕುವುದನ್ನು ನಿಲ್ಲಿಸಿದ್ದೇನೆ. ಗಡಸು ನೀರಿಗೆ ಸಣ್ಣ ತೂತುಗಳಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಹೇಗೂ ವ್ಯರ್ಥವಲ್ವಾ, ಅದನ್ನೇ ಹಾಕೋಣ ಅನ್ನಿಸಬಹುದು. ಅದರಲ್ಲಿ ಲವಣ ಇನ್ನೂ ಜಾಸ್ತಿ.

ಮಾರ್ಚ್

ಹಾಲ್‌ನಿಂದ ಅಡುಗೆಮನೆಗೆ ಹೋಗುವಲ್ಲಿ ಕಪ್ಪು ಗ್ರಾನೈಟ್ ಪಟ್ಟಿ ಇದೆ. ಅಲ್ಲಿ ರೋಬೋ ಒಮ್ಮೊಮ್ಮೆ ಹೆದರಿ ಹಿಂದೆ ಸರಿಯುತ್ತದೆ. ಅಡಿಯಲ್ಲಿರುವ ಸೆನ್ಸರ್ ಇನ್‌ಫ್ರಾರೆಡ್ ಬೆಳಕು ಬಿಟ್ಟು ಅದು ವಾಪಸ್ ಬರುತ್ತದಾ ನೋಡುತ್ತದೆ. ಕಪ್ಪು ನೆಲ ಆ ಬೆಳಕನ್ನು ನುಂಗಿದರೆ ಅಲ್ಲಿ ಮೆಟ್ಟಿಲು ಇದೆ ಅಂತ ರೋಬೋ ತಪ್ಪಾಗಿ ತಿಳಿದುಕೊಳ್ಳುತ್ತದೆ. ಸೆನ್ಸರ್ ಗಾಜಿನ ಧೂಳು ಒರೆಸಿದ ಮೇಲೆ ಈಗ ಹೆಚ್ಚಾಗಿ ದಾಟುತ್ತಿದೆ. ಸೆನ್ಸರ್ ಮೇಲೆ ಟೇಪ್ ಅಂಟಿಸುವ ಉಪಾಯವೂ ಇದೆ. ಮೆಟ್ಟಿಲಿರುವ ಮನೆಯಲ್ಲಿ ಹಾಗೆ ಮಾಡಿದರೆ ರೋಬೋ ಉರುಳಿ ಬೀಳುವುದು ಖಾತ್ರಿ.

ಬಿಚ್ಚಿ ಹಾಕಲು ಬರುವುದೆಲ್ಲ ಬಚಾವ್. ನನಗೆ ಚಿಂತೆ ಇರುವುದು ಆ್ಯಪ್ ನಡೆಸುವ ಕಂಪನಿಯ ಸರ್ವರ್‌ದು. ಲೇಸರ್‌ನಿಂದ ಮನೆಯ ನಕ್ಷೆ ಬಿಡಿಸುವ ರೋಬೋಗಳನ್ನು ಮನೆಗಳಿಗೆ ತಂದವರಲ್ಲಿ ಮೊದಲಿಗರಾದ ನೀಟೋ ಕಂಪನಿ 2023ರಲ್ಲಿ ಮುಚ್ಚಿತು. 2025ರಲ್ಲಿ ಅದರ ಕ್ಲೌಡ್ ಸೇವೆಯನ್ನೂ, ಅಂದರೆ ಆ ಸರ್ವರ್‌ಗಳನ್ನೂ, ನಿಲ್ಲಿಸುವುದಾಗಿ ಹೇಳಿದರು. ಯಂತ್ರ ಚೆನ್ನಾಗಿದ್ದರೂ ಆ್ಯಪ್ ಇಲ್ಲ, ಬಟನ್ ಒತ್ತಿ ಓಡಿಸಬೇಕು. 2002ರಲ್ಲಿ ರೂಂಬಾ ಅನ್ನುವ ಗುಡಿಸುವ ರೋಬೋ ತಂದ ಐರೋಬೋಟ್ ಕಂಪನಿಯ ಕಥೆಯೂ ನೋಡಿ. ಅಮೆಜಾನ್ ಅದನ್ನು ಕೊಳ್ಳುವ ಒಪ್ಪಂದ 2024ರ ಜನವರಿಯಲ್ಲಿ ಮುರಿಯಿತು, 2025ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕೊಳ್ಳುವಾಗ ಹೀರುವ ಶಕ್ತಿ ಎಷ್ಟು ಪಾಸ್ಕಲ್ ಅಂತ ನೋಡುತ್ತೇವೆ. ಬ್ರಷ್, ಚಕ್ರ, ಬ್ಯಾಟರಿ ಬಿಡಿಯಾಗಿ ಸಿಗುತ್ತದಾ, ಇಂಟರ್ನೆಟ್ ಇಲ್ಲದೆ ಗುಡಿಸುತ್ತದಾ ಅಂತ ಯಾರೂ ಕೇಳುವುದಿಲ್ಲ. ನಾನು ಮುಂದಿನ ಸಲ ಮೊದಲು ಕೇಳುವುದೇ ಅದನ್ನು.

ಸರ್ವರ್ ಚಿಂತೆಗೆ ವ್ಯಾಲೆಟೂಡೋ ಅನ್ನುವ ಓಪನ್ ಸೋರ್ಸ್ ತಂತ್ರಾಂಶ ಇದೆ. ಕೆಲವು ಮಾಡೆಲ್‌ಗಳನ್ನು ರೂಟ್ ಮಾಡಿ (ಕಂಪನಿಯ ಬೀಗ ತೆಗೆದು ಒಳಗಿನ ತಂತ್ರಾಂಶವನ್ನು ನಮ್ಮ ಹಿಡಿತಕ್ಕೆ ತಂದು) ಇದನ್ನು ಹಾಕಿದರೆ ಕ್ಲೌಡ್ ಬೇಕಿಲ್ಲ. ಮ್ಯಾಪ್ ರೋಬೋ ಒಳಗೇ ಇರುತ್ತದೆ, ಮನೆಯ ವೈ-ಫೈನಲ್ಲಿ ಬ್ರೌಸರ್ ತೆರೆದು ಓಡಿಸಬಹುದು. ನನ್ನ ಮಾಡೆಲ್ ಅವರ ಪಟ್ಟಿಯಲ್ಲಿದೆ. ರೂಟ್ ಮಾಡಲು ಯುಎಸ್‌ಬಿ-ಸೀರಿಯಲ್ ಕೇಬಲ್ ತರಿಸಿದ್ದೇನೆ. ಯುಗಾದಿಗೆ ಮನೆಯೆಲ್ಲ ಗುಡಿಸಿ ಒರೆಸಿ ಆಗಲಿ, ಆಮೇಲೆ ಮುಚ್ಚಳ ಬಿಚ್ಚುತ್ತೇನೆ.