ಗೇರು ಸಿಪ್ಪೆಯ ಎಣ್ಣೆ: ಈಗ ಎರಡು ಜಾಡಿ

ವಾಸ್ಕೋ ಶೆಡ್‌ನಿಂದ ಅಪ್‌ಡೇಟ್. ಈ ಸಲ ಗೇರು ಸಿಪ್ಪೆಯನ್ನು ಎರಡು ಹಂತದಲ್ಲಿ ಕಾಯಿಸಿದೆ. ಮೊದಲು 175 ಡಿಗ್ರಿವರೆಗೆ ಮಾತ್ರ. ಅಷ್ಟರಲ್ಲೇ ಸಿಪ್ಪೆಯೊಳಗಿನ ಗೇರೆಣ್ಣೆ ಕಪ್ಪಗೆ ಇಳಿಯುತ್ತದೆ. ಅದನ್ನು ಬೇರೆ ಜಾಡಿಗೆ ಹಿಡಿದು, ಉಳಿದ ಸಿಪ್ಪೆಯನ್ನು ಗಾಳಿ ಸೇರದಂತೆ 500 ಡಿಗ್ರಿವರೆಗೆ ಕಾಯಿಸಿ, ಹೊಗೆಯನ್ನು ತಣಿಸಿ ಎರಡನೇ ಜಾಡಿಗೆ ಹಿಡಿದೆ. ಹೀಗೆ ಹೊಗೆಯಿಂದ ಇಳಿದದ್ದೇ ಬಯೋ ಆಯಿಲ್. ಐಡಿಯಾ ನನ್ನದಲ್ಲ, ಐಐಟಿ ಬಾಂಬೆಯವರು ವ್ಯಾಕ್ಯೂಮ್‌ನಲ್ಲಿ ಇದನ್ನೇ ಮಾಡಿ 2003ರಲ್ಲಿ ಬರೆದಿದ್ದಾರೆ. ಗೋವಾದಲ್ಲಿ ಸಿಪ್ಪೆಗೇನು ಬರವಿಲ್ಲ ಅಲ್ವಾ? ಗ್ಲೌಸ್ ಮಾತ್ರ ಮರೀಬೇಡಿ, ಗೇರೆಣ್ಣೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ.

ಎಲ್ಲ ಒಟ್ಟಿಗೆ ಹಿಡಿದು ಆಮೇಲೆ ಭಟ್ಟಿ ಇಳಿಸಬಹುದಲ್ಲ ಅಂತ ಕೇಳ್ತಾರೆ. ಆಗಲ್ಲ. ಕಚ್ಚಾ ತೈಲದ ಹಾಗಲ್ಲ ಇದು. ಬಯೋ ಆಯಿಲ್‌ನಲ್ಲಿರುವ ಆಲ್ಡಿಹೈಡ್, ಫೀನಾಲ್ ಅನ್ನೋ ರಾಸಾಯನಿಕಗಳು ಬಿಸಿಗೆ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ, ಅರ್ಧದ ಹತ್ತಿರ ತಳದಲ್ಲೇ ಕರಿಯಾಗಿ ಕೂತುಬಿಡಬಹುದು.

ಎರಡನೇ ಜಾಡಿಯನ್ನು ರಾತ್ರಿಯಿಡೀ ಅಲ್ಲಾಡಿಸದೆ ಇಟ್ಟೆ. ಬೆಳಿಗ್ಗೆ ಓರೆ ಮಾಡಿದರೆ ಚಹಾ ಬಣ್ಣದ ನೀರು ಸರಕ್ಕನೆ ಹರಿಯಿತು, ಹೊಗೆ ಮತ್ತು ವಿನೆಗರ್ ವಾಸನೆ. ಕಪ್ಪು ಎಣ್ಣೆ ಗಾಜಿಗೆ ಅಂಟಿಕೊಂಡು ನಿಧಾನಕ್ಕೆ ಜಾರಿತು. ಆ ನೀರಿನಲ್ಲಿ ಅದ್ದಿದ ಪಿಎಚ್ ಕಾಗದ ಕೆಂಪಾಯಿತು, ಅಂದರೆ ಆಮ್ಲ ಇದೆ. ಹಾಗಾಗಿ ಕಬ್ಬಿಣದ ಡಬ್ಬ ಬೇಡ, ಗಾಜು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಇರಲಿ.

ಈಗ ಎಣ್ಣೆ ಕೆಡದಂತೆ ಇಡುವ ಕೆಲಸ. ಮೊದಲು ಹೊಗೆಯ ಜೊತೆ ಬಂದ ಇದ್ದಿಲ ಪುಡಿ ಸೋಸಬೇಕು, ಅದರಲ್ಲಿರುವ ಪೊಟ್ಯಾಸಿಯಂ ಗಟ್ಟಿಯಾಗುವುದನ್ನು ಇನ್ನೂ ಜೋರು ಮಾಡುತ್ತದೆ. ಆಮೇಲೆ ತೂಕದಲ್ಲಿ 10% ಎಥನಾಲ್, ಅಂದರೆ ಆಲ್ಕೋಹಾಲ್. "ಗೋವಾದಲ್ಲಿದ್ದೀಯ, ಸುಮ್ನೆ ಫೆನಿ ಸುರಿ ಮಾರಾಯ" ಅಂದ ನಮ್ಮ ರೂಮ್‌ಮೇಟ್. ಫೆನಿ ಅಂದರೆ ಗೋವಾದ ಗೇರುಹಣ್ಣಿನ ಸಾರಾಯಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು. ಕಷ್ಟಪಟ್ಟು ತೆಗೆದ ನೀರನ್ನು ದುಡ್ಡು ಕೊಟ್ಟು ವಾಪಸ್ ಹಾಕಿದ ಹಾಗೆ.

ಪರೀಕ್ಷೆಗೆ ಎಥನಾಲ್ ಹಾಕಿದ್ದು, ಹಾಕದ್ದು ಎರಡನ್ನೂ ಬಿಗಿ ಮುಚ್ಚಳದ ಬಾಟಲಿಗಳಲ್ಲಿ, ಶೆಡ್ ಹೊರಗೆ, 80 ಡಿಗ್ರಿ ನೀರಿನಲ್ಲಿ 24 ಗಂಟೆ ಇಟ್ಟೆ. ಲ್ಯಾಬಿನವರೂ ಹೀಗೇ ಬೇಗ ಹಳೆಯದಾಗಿಸಿ ನೋಡುತ್ತಾರೆ. ತಣಿದ ಮೇಲೆ ಎರಡನ್ನೂ ತಳದಲ್ಲಿ ತೂತಿರುವ ಒಂದೇ ಕಪ್‌ನಿಂದ ಇಳಿಸಿದರೆ, ಎಥನಾಲ್ ಹಾಕಿದ್ದು ಮುಂಚಿನ ಹಾಗೇ ಹರಿಯಿತು. ಹಾಕದ್ದು ತೊಟ್ಟು ತೊಟ್ಟಾಗಿ ಬಿತ್ತು.

ಮುಂದಿನ ಸಲ ಮೊದಲ ಕಂಡೆನ್ಸರ್ (ಹೊಗೆ ತಣಿಸುವ ಭಾಗ) ಬಿಸಿಯಾಗೇ ಇಡುತ್ತೇನೆ. ಭಾರದ ಎಣ್ಣೆ ಅಲ್ಲೇ ಇಳಿಯಲಿ, ನೀರು ಮತ್ತು ಹುಳಿ ಮುಂದಿನದಕ್ಕೆ ಹೋಗಲಿ. ಮಡಗಾಂವ್ ಕಡೆ ಸ್ಟೇನ್‌ಲೆಸ್ ಕಾಯಿಲ್ ಸುತ್ತಿಕೊಡುವವರು ಗೊತ್ತಿದ್ದರೆ ಹೇಳಿ.